ಆ ಪೆಟ್ಟು ನನ್ನದು

ನಾನೊಂದು ಹಲಗೆ, ಬಾರಿಸುವ ಚರ್ಮವಾದ್ಯ. ಗೋಡೆಯ ಅಂದಕ್ಕೆಂದು ಹುಟ್ಟಿದವನಲ್ಲ, ಇದನ್ನು ಮೊದಲೇ ಹೇಳಿಬಿಡುತ್ತೇನೆ. ಕೊಪ್ಪಳ ಸೀಮೆಯ ಮರಿಯಪ್ಪ ಆಡಿನ ಚರ್ಮ ನೆನೆಹಾಕಿ, ಬಳೆಗೆ ಎಳೆದು ಬಿಗಿದು ನನ್ನನ್ನು ಮಾಡಿದ. ಊರಿನ ಮದುವೆಗೂ ಸಾವಿಗೂ ನಾವೇ ಮುಂದೆ. ಊಟಕ್ಕೆ ಮಾತ್ರ ಕೊನೆಗೆ, ಅದೂ ಅಂಗಳದಾಚೆ. ಆ ಸಿಟ್ಟು ನನಗಿನ್ನೂ ಆರಿಲ್ಲ.

ಮರಿಯಪ್ಪ ತೀರಿಕೊಂಡ ಮೇಲೆ ಮಗಳು ಹುಲಿಗೆವ್ವನ ಕೈಗೆ ಬಂದೆ. ಹೆಣ್ಣುಮಗಳು ಹಲಗೆ ಬಾರಿಸುವುದೇ ಎಂದು ಕೇರಿಯವರೇ ಮೂಗು ಮುರಿದರು. ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ. ಕನ್ನಡಕ್ಕೆ ಬಂದ ರಷ್ಯನ್ ಪದ್ಯಗಳನ್ನು ಲೈಬ್ರರಿಯಿಂದ ತಂದು, ತಾನೇ ಧಾಟಿ ಕಟ್ಟಿ ಹಾಡತೊಡಗಿದಳು. ಒಂದರಲ್ಲಿ ತಾಯಿಯೊಬ್ಬಳು ಹೆಪ್ಪುಗಟ್ಟಿದ ಹೊಳೆಯ ದಂಡೆಯಲ್ಲಿ ನಿಂತು, ಯುದ್ಧದಲ್ಲಿ ಸತ್ತ ಮಗನನ್ನು ಕೂಗುತ್ತಾಳೆ. ಹಿಮವನ್ನು ನಾವಿಬ್ಬರೂ ಕಂಡಿಲ್ಲ. ಆದರೆ ಮಗ ಸತ್ತ ಮನೆಯ ಮುಂದೆ ಹೇಗೆ ದನಿ ಕೊಡಬೇಕೆಂಬುದು ನನಗೆ ಚೆನ್ನಾಗಿ ಗೊತ್ತಿತ್ತು.

ಹುಬ್ಬಳ್ಳಿಯ ಸಭಾಂಗಣವೊಂದರಲ್ಲಿ ರಷ್ಯನ್ ಕಾವ್ಯದ ಕಾರ್ಯಕ್ರಮ. ಸಂಘಟಕ ಪಂಪಣ್ಣನವರು ನನ್ನನ್ನು ನೋಡಿದ್ದೇ ಮುಖ ಸಿಂಡರಿಸಿದರು.

"ಏನವ್ವಾ, ಇಂಥಾ ಕಾವ್ಯಕ್ಕ ಹೆಣದ ಮುಂದಿನ ಹಲಗೀನ? ಗಿಟಾರ್ ಐತಿ, ಅದನ್ನ ತಗೋ."

"ಸತ್ತ ಮಗನ ಹಾಡೈತ್ರಿ ಅದು. ಇದ ಬೇಕು," ಎಂದಳು ಹುಲಿಗೆವ್ವ.

ಬಾರಿಸುವ ಮುನ್ನ ನನ್ನನ್ನು ಬೆಂಕಿಗೆ ಕಾಯಿಸಬೇಕು; ಇಲ್ಲದಿದ್ದರೆ ಚರ್ಮ ಸಡಿಲಾಗಿ ದನಿ ಏಳದು. ಅವಳು ನನ್ನನ್ನು ವೇದಿಕೆಯಲ್ಲಿಟ್ಟು ಹುಲ್ಲು ಹುಡುಕಲು ಹೊರಗೆ ಹೋದಳು. ಅಷ್ಟೇ ಸಾಕಾಯಿತು. ಜಾನಪದದ ಅಲಂಕಾರವೆಂದು ಪಂಪಣ್ಣ ನನ್ನನ್ನು ಹಿಂದಿನ ಪ್ಲೈವುಡ್ಡಿಗೆ ಒತ್ತಿಸಿ, ನಟ್ಟನಡುವೆ ಮೊಳೆ ಹೊಡೆಸಿದರು. ಸುತ್ತಲೂ ಚೆಂಡುಹೂವಿನ ಮಾಲೆ ಬೇರೆ! ಬಾರಿಸಿದರೆ ಅಪಶಕುನವಂತೆ, ನೇತುಹಾಕಿದರೆ ಸಂಸ್ಕೃತಿಯಂತೆ. ಯಾವ ನಾಲಿಗೆಯಿಂದ ಇದನ್ನು ಹೇಳುತ್ತಾರೋ!

ಹುಲಿಗೆವ್ವ ಮರಳಿ ಬಂದಾಗ ಅವಳ ಹೆಸರು ಕೂಗಿಯಾಗಿತ್ತು. ಹರಿದ ನನ್ನನ್ನು ನೋಡಿದಳು. ಗಿಟಾರು ಮುಟ್ಟಲಿಲ್ಲ. ಅಂಗೈಯಿಂದ ಎದೆ ಬಡಿದುಕೊಳ್ಳುತ್ತ ಅದೇ ಪದ್ಯ ಹಾಡಿದಳು.

ಪಂಪಣ್ಣ ಶಾಲು ಹಿಡಿದು ಬಂದರು. "ಹಲಗಿ ಇಲ್ದನ ಎಷ್ಟ ಛಲೋ ಆತು ನೋಡವ್ವಾ!"

ಅವಳು ಮೊಳೆ ಕಿತ್ತು ಅವರ ಕೈಯಲ್ಲಿಟ್ಟಳು. "ಇದನ್ನ ನಿಮ್ಮ ಗಿಟಾರಿಗೆ ಹೊಡೀರಿ. ಆಮ್ಯಾಲೆ ಮಾತಾಡೂಣು."

ಈಗ ನಾನು ಅವಳ ಮಂಚದ ತಲೆದೆಸೆಯಲ್ಲಿದ್ದೇನೆ. ಹೊಸ ಚರ್ಮ ಹಾಕಿಸು ಎನ್ನುತ್ತಾರೆ. ಅಪ್ಪ ಬಿಗಿದ ಚರ್ಮವನ್ನು ಬಿಚ್ಚಲು ಅವಳಿಗೆ ಮನಸ್ಸಿಲ್ಲ. ಆ ಪದ್ಯಕ್ಕೆ ಇಂದಿಗೂ ಎದೆಯನ್ನೇ ಬಡಿದುಕೊಳ್ಳುತ್ತಾಳೆ. ಕಾರ್ಯಕ್ರಮ ಮುಗಿಸಿ ಬಂದು, ಕೆಂಪಾದ ಎದೆಗೆ ಕೊಬ್ಬರಿ ಎಣ್ಣೆ ಸವರಿಕೊಳ್ಳುವಾಗ ನನಗೆ ಮೈಯೆಲ್ಲ ಉರಿಯುತ್ತದೆ.

ಆ ಪೆಟ್ಟು ತಿನ್ನಬೇಕಾದವನು ನಾನು.