ದೇವರಿಗೆ ಬಿಟ್ಟ ಮಕಾವ್

ಕೊಂಡ್ಲಹಳ್ಳಿಯಿಂದ ಚಳ್ಳಕೆರೆಯವರೆಗೆ ಹುಡುಕಿದರೂ ನನ್ನಷ್ಟು ದಣಿದ ಮನುಷ್ಯ ಇನ್ನೊಬ್ಬ ಸಿಗುವುದಿಲ್ಲ. ದಣಿವಿನಲ್ಲೂ ಈ ಮೂಡಲಗಿರಿಯಪ್ಪನೇ ಮೊದಲು. ಕಾರಣ ನಮ್ಮ ಮನೆಯ ಮಕಾವ್ ಗಿಳಿ. ಬೆನ್ನು ನೀಲಿ, ಎದೆ ಹಳದಿ, ಕೊಕ್ಕು ಅಡಕತ್ತರಿ. ಅದು ಒಮ್ಮೆ ಕಿರುಚಿದರೆ ಚಳ್ಳಕೆರೆ ಕಡೆಯ ವರವು ಕಾವಲು ಎಂಬ ಹುಲ್ಲುಗಾವಲಿನ ಮೇಲೆ ಹಾರುವ ವಿಮಾನವೂ ದಾರಿ ಬದಲಿಸುತ್ತದೆ. ನಂಬದವರು ವಿಮಾನವನ್ನೇ ಕೇಳಲಿ.

ಚಳ್ಳಕೆರೆಯ ಗೆಳೆಯ ಮುತ್ತುರಾಜ್ ಅದನ್ನು ಶೋಕಿಗೆ ತಂದು, ಬೇಸರ ಬಂದು ನನಗೆ ಕೊಟ್ಟ. ಇಂಥ ಹಕ್ಕಿ ಇಡೀ ಜಿಲ್ಲೆಗೆ ನನ್ನದೊಂದೇ ಎಂದು ಬಸ್ ಸ್ಟ್ಯಾಂಡಿನಲ್ಲಿ ಸಾರಿ ಬಂದೆ. ಆ ವಾರವೇ ಅದು ಮೇವು ಬಿಟ್ಟು ಕಣ್ಣು ಮುಚ್ಚಿ ಕೂತಿತು. ಸತ್ತರೆ ಜನ ನಗುತ್ತಾರಲ್ಲ! ಗುಡಿಯ ಮುಂದೆ, ನೆರೆದವರೆಲ್ಲರ ಎದುರು, ಇದು ಬದುಕಿದರೆ ದೇವರಿಗೇ ಬಿಡುತ್ತೇನೆ ಎಂದು ಕೂಗಿಬಿಟ್ಟೆ. ಬೇರೆಯವರು ಎತ್ತು ಬಿಡುತ್ತಾರೆ. ಬ್ರೆಜಿಲ್ ಹಕ್ಕಿ ಬಿಟ್ಟವನು ಭೂಮಿಯ ಮೇಲೆ ನಾನೊಬ್ಬನೇ.

ಹಕ್ಕಿ ಬದುಕಿತು. ಅದರ ನೆತ್ತಿಗೆ ಅರಿಶಿನದ ಭಂಡಾರ ಹಚ್ಚಿ ದೇವರಿಗೆ ಬಿಟ್ಟದ್ದೂ ಆಯಿತು.

ದೇವರಿಗೆ ಬಿಟ್ಟದ್ದನ್ನು ನಮ್ಮಲ್ಲಿ ಮಾರುವಂತಿಲ್ಲ, ಯಾರಿಗೂ ಕೊಡುವಂತಿಲ್ಲ. ಸಾಯುವ ತನಕ ಸಾಕಬೇಕು. ಮಕಾವ್ ಅರವತ್ತು ವರ್ಷ ಬದುಕುತ್ತದೆಂದು ಮುತ್ತುರಾಜ್ ಆಮೇಲೆ ಹೇಳಿದ. ನಗುತ್ತಲೇ ಹೇಳಿದ.

“ನೋಡ್ರಿ, ಕಿಟಕಿ ತಿಂತು, ಮಂಚದ ಕಾಲು ತಿಂತು, ನನ್ನ ನಿದ್ದೆನೂ ತಿಂತು,” ಎಂದಳು ಹೆಂಡತಿ ತಿಪ್ಪೇರುದ್ರಮ್ಮ, ಬಟ್ಟೆ ಗಂಟು ಕಟ್ಟುತ್ತ. “ತಲೆ ಒಡೀತೈತೆ. ಇವತ್ತು ಅದು ಮನೆ ಬಿಡ್ಬೇಕು. ಇಲ್ಲಾಂದ್ರೆ ನಾನು ಗೌರಸಮುದ್ರಕ್ಕೆ ಅಕ್ಕನ ಮನೆಗೆ ಹೋಗ್ತೀನಿ. ತಿರುಗಿ ಬರಲ್ಲ.”

ಗಂಟಿನೊಳಗೆ ಸಾರಿನ ಸೌಟನ್ನೂ ಇಟ್ಟಳು. ಬರೀ ಬೆದರಿಕೆಗೆ ಯಾರೂ ಸೌಟು ಕಟ್ಟಿಕೊಳ್ಳುವುದಿಲ್ಲ. ಅವಳಿಲ್ಲದ ಮನೆಯಲ್ಲಿ ನನ್ನಿಂದ ಇರಲಾಗದು; ಈ ಮಾತಿಗೆ ಮಾತ್ರ ನಾನು ಏನನ್ನೂ ಸೇರಿಸಿಲ್ಲ.

ಪಂಜರ ಹೊತ್ತು ಊರಾಚೆಯ ರೊಪ್ಪಕ್ಕೆ ನಡೆದೆ. ಅಲ್ಲಿ ಮುಳ್ಳುಬೇಲಿಯೊಳಗೆ ದೇವರ ದನಗಳಿರುತ್ತವೆ; ಅವನ್ನು ಕಾಯುವ ಕಿಲಾರಿ ಅಜ್ಜಪ್ಪ.

“ಅಜ್ಜಪ್ಪಣ್ಣ, ದೇವರ ಎತ್ತು ಇಲ್ಲಿರ್ತಾವೆ. ಇದೂ ದೇವರದ್ದೇ ಅಲ್ವಾ? ಇಲ್ಲೇ ಇರ್ಲಿ.”

“ಲೇ ಮೂಡಲಗಿರಿ, ಇದಕ್ಕೆ ಕೊಂಬೆಲ್ಲೈತೋ?”

“ಕೊಕ್ಕೈತಲ್ಲಣ್ಣ.”

“ನಿನ್ನ ಬಾಯಿಗಿಂತ ಸಣ್ಣದೇ ಬಿಡು.”

ಅಷ್ಟರಲ್ಲಿ ಹಕ್ಕಿ ಕಿರುಚಿತು. ದನಗಳೆಲ್ಲ ಎದ್ದು ಬೇಲಿಯ ಮೂಲೆಗೆ ನುಗ್ಗಿದವು. ಮೊಳಕಾಲ್ಮೂರಿನ ಮಗ್ಗಗಳಲ್ಲಿ ರೇಷ್ಮೆ ಎಳೆ ಕಡಿದಿರಬೇಕು. ಅಜ್ಜಪ್ಪ ಕಿವಿ ಮುಚ್ಚಿಕೊಂಡು ಕಲ್ಲಿನ ಮೇಲೆ ಕುಸಿದರು. ಕಿರುಚಾಟ ನಿಂತ ಮೇಲೆ ಕಿವಿಯಿಂದ ಕೈ ತೆಗೆದರು.

“ಇಲ್ಲ ಅನ್ನೋಕೆ ಬರಲ್ಲ. ಭಂಡಾರ ಹಚ್ಚಿದೋನು ನಾನೇ. ಆದ್ರೆ ಹೊಸ ಕರು ಬಂದ್ರೆ, ಅದು ಹೊಂದ್ಕೊಳ್ಳೋಗಂಟ ಬಿಟ್ಟೋರೇ ಜತೆಗೆ ಕೂರ್ಬೇಕು ಈ ರೊಪ್ಪದಾಗೆ. ನೀನೂ ಕೂರು.”

“ಎಷ್ಟು ದಿನ?”

“ಕರು ಆದ್ರೆ ಹೇಳ್ತಿದ್ದೆ. ಇದರದ್ದು ನಂಗೇನ್ ಗೊತ್ತು? ಚಪ್ಪಲಿ ಹೊರಗೆ ಬಿಟ್ಟು ಬಾ.”

ಕೂತೆ. ಈ ಹೊಸ ಜಾಗದಲ್ಲಿ ನಾನು ಪಕ್ಕದಲ್ಲೇ ಕೂತಿದ್ದರೆ ಹಕ್ಕಿ ತೆಪ್ಪಗಿರುತ್ತದೆ, ಎದ್ದರೆ ಗಂಟಲು ತೆರೆಯುತ್ತದೆ. ದನಗಳಿಗೂ ಇದು ತಿಳಿದುಹೋಗಿ, ನಾನು ಮೈ ಮುರಿದರೂ ಅವು ಕಿವಿ ನಿಮಿರಿಸಿ ನನ್ನನ್ನೇ ಗದರುವಂತೆ ನೋಡುತ್ತವೆ.

ಮಾರನೆಯ ಮಧ್ಯಾಹ್ನ ತಿಪ್ಪೇರುದ್ರಮ್ಮ ಬುತ್ತಿ ತಂದಳು. ಚೆನ್ನಾಗಿ ನಿದ್ದೆ ಮಾಡಿದ ಮುಖ. ಹತ್ತು ವರ್ಷ ಚಿಕ್ಕವಳಾಗಿದ್ದಳು.

“ಗೌರಸಮುದ್ರಕ್ಕೆ ಹೋಗಲ್ವಾ?”

“ಯಾಕೆ ಹೋಗ್ಲಿ? ಮನೆ ತಣ್ಣಗೈತೆ.”

“ನಾನ್ಯಾವಾಗ ಬರ್ಲಿ?”

ಅವಳು ಹಕ್ಕಿಗೆ ಒಂದು ಹಿಡಿ ಶೇಂಗಾ ಹಾಕಿ, ನನ್ನ ತಟ್ಟೆಗೆ ಮುದ್ದೆ ಇಟ್ಟಳು.

“ಅವಸರ ಏನೈತೆ, ಉಣ್ರಿ,” ಎಂದಳು.