ಅಮೃತಪ್ಪನ ಗೌರವಧನ

“ಏಯ್ ಕತ್ತೆ, ಕಾಲು ತೊಳ್ಕೊಂಡು ಒಳಗೆ ಬಾ ಅಂತ ಎಷ್ಟು ಸಲ ಬೊಗಳ್ಬೇಕು ನಾನು? ಮಾರ್ಬಲ್ ಕಣೇ ಅದು, ನಿಮ್ಮಪ್ಪನ ಕೊಟ್ಟಿಗೆ ಅಲ್ಲ!” ಎಂದು ಮನೆಯ ಯಜಮಾನ ಸಂಜೀವಪ್ಪನವರು ಗದರಿದರು.

ಆ ಮಾರ್ಬಲ್ಲನ್ನು ಲಾರಿಯಿಂದಿಳಿಸಿ ತಲೆಯ ಮೇಲೆ ಹೊತ್ತು ತಂದವಳು ಕೂಲಿಯಾಳು ಅಯ್ಯಮ್ಮನೇ. ಆಗ ಅವಳ ಕಾಲನ್ನು ಯಾರೂ ನೋಡಿರಲಿಲ್ಲ. ಅವಳು ಅಂಗಳದ ನಲ್ಲಿಗೆ ಹೋಗಿ ಕಾಲು ತೊಳೆದು ಬಂದು ಸಂಜೀವಪ್ಪನವರ ಪುಸ್ತಕಗಳನ್ನು ಟ್ರಂಕಿಗೆ ತುಂಬತೊಡಗಿದಳು. ಜೀವನ್ ಬಿಮಾ ನಗರದ ಆ ಮನೆಯ ಮೇಲೆ ಇನ್ನೊಂದು ಅಂತಸ್ತು ಏಳುತ್ತಿತ್ತು. ಸಿಮೆಂಟಿನ ಧೂಳಿಗೆ ಪುಸ್ತಕ ಹಾಳಾದಾವೆಂದು ಯಜಮಾನರಿಗೆ ಚಿಂತೆ. ಹೊರುವವರ ಎದೆಗಿಳಿಯುವ ಧೂಳಿನ ಬಗ್ಗೆ ಅಂಥ ಚಿಂತೆಯೇನೂ ಇರಲಿಲ್ಲ.

ಸಂಜೀವಪ್ಪನವರು ಸರ್ಕಾರದ ದೊಡ್ಡ ಹುದ್ದೆಯಿಂದ ನಿವೃತ್ತರಾಗಿ ಈಗ ತಾತನ ಬಗ್ಗೆ ಪುಸ್ತಕ ಬರೆಯುತ್ತಿದ್ದರು. ತಾತ ಹಲಸೂರಿನಿಂದ ಬ್ರಿಟಿಷ್ ಪಲ್ಟನ್ನಿನ ಜೊತೆ ಗುಮಾಸ್ತನಾಗಿ ಹಡಗು ಹತ್ತಿ ಅರಬ್ಬರ ನಾಡಿನ ಏಡನ್ ಬಂದರಿಗೆ ಹೋದವನು. ಅವನು ತಂದ ಫೋಟೋ ಓದುವ ಕೋಣೆಯ ಗೋಡೆಯ ಮೇಲಿತ್ತು: ಒಂದು ಕುರ್ಚಿಯಲ್ಲಿ ಬೂಟು ತೊಟ್ಟ ದೊರೆ, ಪಕ್ಕದ ಕುರ್ಚಿಯಲ್ಲಿ ಜರಿ ನಿಲುವಂಗಿ ತೊಟ್ಟು ಬರಿಗಾಲಲ್ಲಿ ಕೂತ ಅರಬ್ಬಿ ಶೇಖ.

“ಇಂಗ್ಲಿಷ್‌ನೋರ ತಲೆ ಅಂದ್ರೆ ತಲೆ ನೋಡಮ್ಮ,” ಎಂದು ಅವರು ಮಗಳು ಪ್ರಿಯದರ್ಶಿನಿಗೆ ವಿವರಿಸುತ್ತಿದ್ದರು. “ಏಡನ್ ಸುತ್ತ ಇದ್ದ ಒಬ್ಬೊಬ್ಬ ಶೇಖನ ಜೊತೆನೂ ಯುದ್ಧ ಮಾಡ್ತಾ ಕೂತಿದ್ರೆ ಆಗ್ತಿತ್ತಾ? ಕರೆದು ಕುರ್ಚಿ ಹಾಕಿದ್ರು. ಒಂದು ಅಗ್ರಿಮೆಂಟು, ಒಂದು ನಿಲುವಂಗಿ, ತಿಂಗಳಿಗಿಷ್ಟು ಅಂತ ಆಗ ಅಲ್ಲಿ ನಡೀತಿದ್ದ ಬೆಳ್ಳಿ ಡಾಲರು. ದಾರಿ ಕಾಯೋನು ಅವನು, ವ್ಯಾಪಾರ ನಮ್ದು!”

ಗುಮಾಸ್ತನ ಮೊಮ್ಮಗನ ಬಾಯಲ್ಲಿ ಬ್ರಿಟಿಷರ ವ್ಯಾಪಾರ ‘ನಮ್ದು’ ಆಗಿಬಿಟ್ಟಿತ್ತು.

“ಅಗ್ರಿಮೆಂಟಲ್ಲಿ ಏನಿರ್ತಿತ್ತಪ್ಪಾ?”

“ನಮ್ಮನ್ನ ಬಿಟ್ಟು ಇನ್ಯಾರಿಗೂ ಒಂದು ಗೇಣು ಜಾಗ ಕೊಡಲ್ಲ ಅಂತ. ಅವನು, ಅವನ ಮಕ್ಕಳು, ಮೊಮ್ಮಕ್ಕಳು, ಎಲ್ಲರ ಪರವಾಗಿ ಒಂದೇ ಸಹಿ. ತಿರುಗಿಬಿದ್ರೆ ಡಾಲರ್ ಕಟ್. ಗುಟ್ಟು ಏನ್ ಗೊತ್ತಾ? ಎಲ್ಲರನ್ನೂ ಕೊಂಡ್ಕೋಬಾರ್ದು. ತಲೆ ಯಾರು ಅಂತ ನೋಡಿ ಅವನೊಬ್ಬನ್ನ ಕೊಂಡ್ಕೋಬೇಕು.”

ಅಯ್ಯಮ್ಮ ಟ್ರಂಕಿನ ಮುಚ್ಚಳ ಹಾಕಿದಳು. ಅವಳಿಗೂ ಕಿವಿಗಳಿವೆಯೆಂಬುದು ಅಪ್ಪ ಮಗಳಿಬ್ಬರಿಗೂ ಹೊಳೆಯಲಿಲ್ಲ.

ಮನೆಯ ಹಿಂದೆ ಕಾಂಪೌಂಡ್ ಎಳೆದು ಸಂಜೀವಪ್ಪನವರು ತಮ್ಮದೆನ್ನುತ್ತಿದ್ದ ಜಾಗ ನಿಜಕ್ಕೂ ಸರ್ಕಾರದ್ದು. ಅಲ್ಲಿ ಲಿಂಗಸುಗೂರು ಕಡೆಯ ಇಪ್ಪತ್ತೆರಡು ಕೂಲಿ ಕುಟುಂಬಗಳು ತಗಡಿನ ಶೆಡ್ಡು ಹಾಕಿಕೊಂಡು ಒಂಬತ್ತು ವರ್ಷವಾಗಿತ್ತು. ಬರುವ ಶನಿವಾರ ಶೆಡ್ಡುಗಳ ಪಟ್ಟಿ ಮಾಡಲು ಸರ್ಕಾರದ ಕಡೆಯವನು ಬರುವವನಿದ್ದ. ಪಟ್ಟಿಯಲ್ಲಿ ಹೆಸರಿದ್ದವರಿಗೆ ಮುಂದೆ ಹಕ್ಕುಪತ್ರ, ಇಲ್ಲದವರಿಗೆ ಬುಲ್ಡೋಜರ್.

ಗುರುವಾರ ಸಂಜೆ ಅಯ್ಯಮ್ಮನ ಗಂಡ ಅಮೃತಪ್ಪ ಹೆಗಲ ಮೇಲೆ ಜರಿ ಶಾಲು, ಕೈಯಲ್ಲಿ ಹಣ್ಣಿನ ಬುಟ್ಟಿ ಹಿಡಿದು ಶೆಡ್ಡಿಗೆ ಬಂದ. ಹಣ್ಣು ರಸೆಲ್ ಮಾರುಕಟ್ಟೆಯದು, ಶಾಲು ಶಿವಾಜಿನಗರದ್ದು. ಬೆಲೆಯ ಚೀಟಿ ಇನ್ನೂ ನೇತಾಡುತ್ತಿತ್ತು.

“ಏನಿದು ವ್ಯಾಷ?”

“ಸಾಹೇಬ್ರು ಕುರ್ಚಿ ಮ್ಯಾಲ ಕುಂದ್ರಿಸಿ ಕಾಫಿ ಕೊಟ್ರು,” ಎಂದು ಅಮೃತಪ್ಪ ಮೀಸೆ ತೀಡಿಕೊಂಡ. “ನೀನು ಇವರಿಗೆಲ್ಲಾ ನಾಯ್ಕ ಅಂದ್ರು. ತಿಂಗಳಾ ಸಾವಿರ ರೂಪಾಯಿ ಗೌರವಧನ ಅಂತ! ಪುಕ್ಕಟ!”

“ಹೆಬ್ಬಟ್ಟಿಗ್ಯಾಕ ಮಸಿ ಹತ್ತ್ಯಾದ?”

ಅವನು ಹೆಬ್ಬೆರಳನ್ನು ಶಾಲಿನೊಳಗೆ ಎಳೆದುಕೊಂಡ. “ಒಂದು ಕಾಗದಕ್ಕ ಒತ್ತೀನಿ. ನಾವ್ಯಾರೂ ಇಲ್ಲಿ ವಾಸ ಇಲ್ಲ, ಪಟ್ಟಿಯಾಗ ಹೆಸರು ಬರಸಂಗಿಲ್ಲ ಅಂತ. ನಾನು, ನನ್ನ ಮಕ್ಕಳು, ಇಪ್ಪತ್ತೆರಡೂ ಮನಿ ಪರವಾಗಿ.”

“ಥೂ ಭಾಡ್ಯಾ! ಒಂದು ಕಪ್ ಕಾಫಿಗೆ ಇಪ್ಪತ್ತೆರಡು ಮನಿ ಬರಕೊಟ್ಟು ಬಂದೇನು? ಯಾರಪ್ಪನ ಮನಿ ಅಂತ ಕೊಟ್ಟಿ?”

ಯಾರಪ್ಪನದೂ ಅಲ್ಲ, ಅವಳವ್ವನ ಗುಂಪು ಅದು. ಊರು ಬಿಡುವ ಮುನ್ನ ಅವ್ವನ ಕೈಯಿಂದ ಎಲೆಯಡಿಕೆ ತೆಗೆದುಕೊಂಡವರು ಗುಂಪಿನವರಾಗುತ್ತಿದ್ದರು. ಅವ್ವ ಸತ್ತ ಮೇಲೆ ಅಯ್ಯಮ್ಮನ ಕೈಯಿಂದ. ಯಾವ ಕೆಲಸ ಹಿಡಿಯಬೇಕು, ಯಾವ ದರಕ್ಕೆ, ಎಲ್ಲ ಅವಳ ಮಾತು. ಅಮೃತಪ್ಪ ಮನೆಅಳಿಯ. ಹೆಣ್ಣಾಳಿನ ಜೊತೆ ದರ ಮಾತಾಡಲು ಯಜಮಾನರುಗಳಿಗೆ ಮಾನ ಹೋಗುತ್ತಿದ್ದುದರಿಂದ, ಮೀಸೆ ಇರುವವನೊಬ್ಬ ಮುಂದೆ ನಿಲ್ಲಲಿ ಎಂದು ಅವಳೇ ಅವನನ್ನು ನಿಲ್ಲಿಸಿದ್ದಳು. ಸಂಜೀವಪ್ಪನವರು ಅಷ್ಟೆಲ್ಲ ಪುಸ್ತಕ ಓದಿ ಕೊಂಡದ್ದು ಆ ಮೀಸೆಯನ್ನು.

ಅವಳು ಗಂಡನ ಹೆಗಲಿನಿಂದ ಶಾಲು ಕಿತ್ತುಕೊಂಡಳು. ಅವತ್ತೇ ಒಂದೊಂದು ಶೆಡ್ಡಿಗೂ ಹೋಗಿ ಎಲೆಯಡಿಕೆ ಕೊಟ್ಟು ಬಂದಳು. ಎಲ್ಲರೂ ತೆಗೆದುಕೊಂಡರು.

ಶನಿವಾರವೇ ಚಾವಣಿಗೆ ಮೋಲ್ಡ್ ಎಂದು ಸಂಜೀವಪ್ಪನವರು ಬೇಕೆಂದೇ ಗೊತ್ತುಮಾಡಿದ್ದರು. ಕಾಂಕ್ರೀಟು ಹಾಕತೊಡಗಿದರೆ ನಡುವೆ ನಿಲ್ಲಿಸುವ ಹಾಗಿಲ್ಲ. ನಿಂತರೆ ಹಳೆಯದಕ್ಕೆ ಹೊಸದು ಕೂಡದೆ ಚಾವಣಿ ಜನ್ಮವಿಡೀ ಸೋರುತ್ತದೆ. ಹೀಗಾಗಿ ಅವತ್ತು ಆಳುಗಳೆಲ್ಲ ಮೇಲೆ, ಶೆಡ್ಡುಗಳು ಖಾಲಿ, ಗೇಟಿನಲ್ಲಿ ಅಮೃತಪ್ಪನಿಗೊಂದು ಕುರ್ಚಿ. ಲೆಕ್ಕಾಚಾರ ಚೆನ್ನಾಗಿತ್ತು.

ಹನ್ನೊಂದು ಗಂಟೆಗೆ ಪಟ್ಟಿ ಮಾಡುವವನು ಲೂನಾದಲ್ಲಿ ಬಂದ. ಸಂಜೀವಪ್ಪನವರು ಕಾಗದ ಮುಂದೆ ಹಿಡಿದರು. “ಇಲ್ಲಿ ಯಾರೂ ಪರ್ಮನೆಂಟ್ ಇಲ್ಲ ಕಣ್ರೀ. ಅವರ ಲೀಡರ್ರೇ ಒತ್ತಿದಾನೆ ನೋಡಿ.”

ಏಣಿಯ ನಡುವೆ ಅಯ್ಯಮ್ಮ ನಿಂತಳು. ಅವಳ ತಲೆಯ ಮೇಲೆ ಕಾಂಕ್ರೀಟಿನ ಪುಟ್ಟಿ. ಪುಟ್ಟಿಯ ಕೆಳಗೆ ಸಿಂಬೆಯಾಗಿ ಸುತ್ತಿದ್ದ ಅದೇ ಜರಿ ಶಾಲು, ಸಿಮೆಂಟಿನ ನೀರು ಕುಡಿದು ಬೂದಿಬಣ್ಣವಾಗಿತ್ತು.

“ಇಳೀರ್ರಬೇ ಎಲ್ಲಾರೂ!”

ಇಪ್ಪತ್ತೆರಡು ಮನೆಯವರೂ ಇಳಿದು ಬಂದು ತುಂಬಿದ ಪುಟ್ಟಿಗಳನ್ನು ಗೇಟಿನ ಮುಂದೆ ಸಾಲಾಗಿ ಇಟ್ಟರು.

“ಏಯ್! ಅರ್ಧ ಮೋಲ್ಡ್ ಕಣ್ರೋ ಬೇವರ್ಸಿಗಳಾ! ಹತ್ರೋ ಮೇಲೆ!”

“ಹೆಸರು ಬರಸಿ ಹತ್ತತೀವ್ರಿ,” ಎಂದಳು ಅಯ್ಯಮ್ಮ. ಆಮೇಲೆ ಪಟ್ಟಿಯವನ ಕಡೆ ತಿರುಗಿದಳು. “ಬರಕೋರಿ. ಅಯ್ಯಮ್ಮ. ಒಂಬತ್ತು ವರ್ಷಾತು ಇಲ್ಲಿದ್ದು.”

“ಹಾಗಾದ್ರೆ ಹೆಬ್ಬೆಟ್ಟು ಒತ್ತಿರೋ ಈ ಲೀಡರ್ ಯಾರು?” ಎಂದ ಪಟ್ಟಿಯವನು.

ಅಮೃತಪ್ಪ ಕುರ್ಚಿಯಿಂದೆದ್ದ. ಹೆಂಡತಿಯ ಮುಖ ನೋಡಿದ, ಸಾಲು ಪುಟ್ಟಿಗಳನ್ನು ನೋಡಿದ. “ಲೀಡರ್ ಅಲ್ರಿ, ಅಕಿ ಗಂಡ್ರಿ ನಾನು. ನನಗ ಓದಾಕ ಬರಂಗಿಲ್ಲ,” ಎಂದು ಸಾಲಿನ ಕೊನೆಗೆ ಹೋಗಿ ನಿಂತ.

“ಲೋಫರ್ ನನ್ಮಗನೆ!” ಸಂಜೀವಪ್ಪನವರ ದನಿ ಒಡೆಯಿತು. “ಗೌರವಧನ ಕಟ್! ನೀರೂ ಕಟ್! ನೋಡ್ತೀನಿ, ಏನ್ ಕುಡಿತೀರೋ!” ಅವರೇ ಹೋಗಿ ಶೆಡ್ಡಿನವರೆಲ್ಲ ನೀರು ಹಿಡಿಯುತ್ತಿದ್ದ ಅಂಗಳದ ನಲ್ಲಿಯ ವಾಲ್ವ್ ತಿರುಗಿಸಿ ಬಂದರು.

ಯಾರೂ ಕದಲಲಿಲ್ಲ. ಒಂದೊಂದೇ ಹೆಸರು ಪಟ್ಟಿ ಸೇರಿತು. ಮೇಲೆ ಅರ್ಧ ಚಾವಣಿ ಬಿಸಿಲಿಗೆ ಒಣಗುತ್ತಿತ್ತು, ಕೆಳಗೆ ಮಿಕ್ಸರ್ ಸುಮ್ಮನೆ ಸುತ್ತುತ್ತಿತ್ತು. ಇಪ್ಪತ್ತೆರಡನೆಯ ಹೆಸರು ಬರೆದಾಗ ಪುಟ್ಟಿಗಳಲ್ಲಿದ್ದದ್ದು ಬಿಗಿಯತೊಡಗಿತ್ತು.

ಆಗ ಅಯ್ಯಮ್ಮ ಮೆಟ್ಟಿಲು ಹತ್ತಿ, ಮೊಣಕಾಲವರೆಗೆ ಮೆತ್ತಿದ್ದ ಸಿಮೆಂಟಿನೊಂದಿಗೆ ಮಾರ್ಬಲ್ಲಿನ ಮೇಲೆ ಹೆಜ್ಜೆಯಿಟ್ಟಳು.

“ಏಯ್, ಕಾಲು! ಕಾಲು ತೊಳ್ಕೊಳ್ಳೇ!”

“ನಲ್ಲಿ ಬಂದ್ ಮಾಡೀರಲ್ರಿ. ಎಲ್ಲಿ ತೊಳೀಲಿ?”

ಅವಳು ನೇರ ಓದುವ ಕೋಣೆಗೆ ನಡೆದು, ಅರಬ್ಬಿ ಶೇಖನ ಫೋಟೋ ಕೆಳಗಿನ ಕುರ್ಚಿಯಲ್ಲಿ ಕೂತಳು. ಶಾಲಿನ ಸಿಂಬೆಯನ್ನು ಮೇಜಿನ ಮೇಲೆ, ಬರೆದಿಟ್ಟ ಹಾಳೆಗಳ ನಡುವೆ ಇಟ್ಟಳು.

“ಕುಂದುರ್ರಿ ಸಾಹೇಬ್ರ. ಈಗ ನನ್ನ ಜೋಡಿ ಮಾತಾಡ್ರಿ. ಮೊದ್ಲು ನೀರು ಬಿಡ್ರಿ, ಆಮ್ಯಾಲ ಉಳದರ್ಧ ಮೋಲ್ಡಿನ ಮಾತು.”