ನಲವತ್ತಾರು ಕೆಜಿಯ ಚೂಡಾಮಣಿ

ನಾನು ಮೊದಲಿನಿಂದಲೂ ಕಡ್ಡಿ. ಚಿಕ್ಕಂದಿನಲ್ಲಿ ಕೀಲುನೋವಿನ ಜ್ವರ ಬಂದು ತಿಂಗಳುಗಟ್ಟಲೆ ಮಲಗಿದ್ದೆನಂತೆ, ಅಲ್ಲಿಂದಾಚೆಗೆ ತಿಂದದ್ದು ಮೈಗೆ ಹತ್ತಲಿಲ್ಲ ಎಂದು ಅಮ್ಮ ಹೇಳುತ್ತಿದ್ದಳು. ಅಮ್ಮ ಹೋದ ಮೇಲೆ ಅಣ್ಣ ಸಂಪತ್ ಕುಮಾರ ನನ್ನನ್ನು ನೋಡಲು ಬಂದ ಗಂಡಿನ ಕಡೆಯವರನ್ನೆಲ್ಲ ಬಾಗಿಲವರೆಗೂ ಕಳಿಸಿ ಒಳಗೆ ಬಂದು, “ಸ್ವಲ್ಪ ಮೈ ಹಿಡಿದಿದ್ದರೆ ಒಪ್ಪುತ್ತಿದ್ದರು” ಎನ್ನುತ್ತಿದ್ದ, ನಾನೇ ಬೇಕೆಂದು ಸೊರಗಿದ್ದೇನೇನೋ ಎಂಬ ಹಾಗೆ. ಮೂವತ್ತು ದಾಟಿದ ಮೇಲೆ ಗಂಡಿನ ಕಡೆಯವರು ಬರುವುದೂ ನಿಂತಿತು. ಮಂಡ್ಯದ ಅವನ ಮನೆಯಲ್ಲಿ ನನ್ನ ಹಾಸಿಗೆ ಉಗ್ರಾಣದಲ್ಲಿ, ಬೇಳೆ ಡಬ್ಬಗಳ ಪಕ್ಕ. ಅತ್ತಿಗೆ ಕೆಟ್ಟವಳೇನಲ್ಲ. ಆದರೆ ಆ ಮನೆಯಲ್ಲಿ ಯಾರಾದರೂ “ಚೂಡಾಮಣಿ” ಎಂದು ಕರೆದರೆ ಅದು ಕೆಲಸಕ್ಕೇ ಹೊರತು ಮಾತಿಗಲ್ಲ.

ಹಾಗಾಗಿ ಮಳವಳ್ಳಿಯ ಒಂದು ಖಾಸಗಿ ಹೈಸ್ಕೂಲಿನಲ್ಲಿ ಟೆಂಪರರಿ ಮೇಡಂ ಕೆಲಸ ಸಿಕ್ಕಿದಾಗ ಒಂದು ಟ್ರಂಕು ಹಿಡಿದು ಹೊರಟುಬಿಟ್ಟೆ. ಚಿಕ್ಕಬೋರಮ್ಮ ಎಂಬ ಹೆಂಗಸಿನ ಮನೆಯ ಹಿತ್ತಲ ಕೋಣೆ ಬಾಡಿಗೆಗೆ ಸಿಕ್ಕಿತು. ಅಲ್ಲಿ ನನಗೆ ಹಾಯಾಗಿತ್ತು ಎಂದರೆ ಸುಳ್ಳು. ಭಾನುವಾರ ಬಾಯಿ ಬಿಟ್ಟು ಒಂದು ಮಾತಾಡದೆ ಹೊತ್ತು ಮುಳುಗಿಬಿಡುತ್ತಿತ್ತು. ಆದರೂ ಆ ಒಂಟಿತನ ನನ್ನ ಸ್ವಂತದ್ದು, ಉಗ್ರಾಣದ್ದಲ್ಲ.

ಎಪ್ಪತ್ತಾರನೆಯ ಇಸವಿಯ ಜೂನ್‌ನಲ್ಲಿ ಶಾಲೆಯ ಆಡಳಿತ ಮಂಡಳಿಯವರು ಟೆಂಪರರಿಯವರನ್ನೆಲ್ಲ ಕಾಯಂ ಮಾಡುತ್ತೇವೆ ಎಂದರು. ಆದರೆ ಮಂಡ್ಯದಲ್ಲಿ ತಾವು ಗೊತ್ತುಮಾಡಿದ ಡಾಕ್ಟರ ಹತ್ತಿರ ಆರೋಗ್ಯದ ಸರ್ಟಿಫಿಕೇಟು ತರಬೇಕು, ತರದವರು ಮನೆಗೆ ಹೋಗಬಹುದು. ನಮ್ಮಲ್ಲಿ ಟೆಂಪರರಿಯಾಗಿ ಉಳಿದವರು ಇಬ್ಬರು, ನಾನು ಮತ್ತು ಡ್ರಿಲ್ ಮೇಷ್ಟ್ರು ಪುಟ್ಟರಾಜು. ಕೆರಗೋಡಿನ ಕಡೆಯ ಗೌಡರ ಹುಡುಗ, ಗರಡಿಯಲ್ಲಿ ಬೆಳೆದ ಮೈ. ಅವರು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತರೆ ಒಳಗೆ ಕತ್ತಲಾಗುತ್ತಿತ್ತು.

ಡಾಕ್ಟರ್ ಯೋಗಾನರಸಿಂಹ ಅವರ ಕ್ಲಿನಿಕ್ಕು ಮಹಡಿಯ ಮೇಲೆ. ಗೋಡೆಗೆ ವಿಮೆಯವರ ಚಾರ್ಟು ತೂಗುಹಾಕಿದ್ದರು. ಇಷ್ಟು ಎತ್ತರದವರು ಇಷ್ಟರಿಂದ ಇಷ್ಟು ತೂಗಬೇಕು, ಅಷ್ಟೇ. ನಾನು ಮೂವತ್ತೆಂಟು ಕೆಜಿ ತೂಗಿದೆ. ನನ್ನ ಎತ್ತರಕ್ಕೆ ಕಡಿಮೆಯೆಂದರೂ ನಲವತ್ತಾರು ಬೇಕಿತ್ತು. ಡಾಕ್ಟರು ಸೆರಗಿನ ಮೇಲೆಯೇ ಸ್ಟೆಥಾಸ್ಕೋಪು ಒಂದು ಕ್ಷಣ ಇಟ್ಟು ತೆಗೆದು, “ತೂಕ ಸಾಲದಮ್ಮ. ಡಿಸೆಂಬರಿಗೆ ನಲವತ್ತಾರು ಮಾಡಿಕೊಂಡು ಬನ್ನಿ, ಸಹಿ ಹಾಕ್ತೀನಿ” ಎಂದರು. ಆಮೇಲೆ ಪುಟ್ಟರಾಜು ತಕ್ಕಡಿ ಹತ್ತಿದರು. ಚಾರ್ಟಿನ ಪ್ರಕಾರ ಅವರಲ್ಲಿ ಹದಿನೈದು ಕೆಜಿ ಹೆಚ್ಚಿಗೆ ಇತ್ತು, ಡಿಸೆಂಬರಿಗೆ ಅದನ್ನು ಇಳಿಸಬೇಕು.

“ಇದ್ ಬೊಜ್ಜಲ್ಲ ಡಾಕ್ಟ್ರೇ,” ಪುಟ್ಟರಾಜು ತೋಳು ಮಡಿಚಿ ಮುಂದೆ ಚಾಚಿದರು. “ಮುಟ್ ನೋಡಿ ಬೇಕಾರೆ.”

“ಮುಟ್ಟಿ ನೋಡೋ ಕಾಲಂ ಇದರಲ್ಲಿ ಇಲ್ಲ ಕಣಯ್ಯ,” ಎಂದು ಡಾಕ್ಟರು ನಕ್ಕರು. ಒಳ್ಳೆಯ ಮನುಷ್ಯರೇ. ತಮ್ಮ ಮಾತಿಗೆ ತಾವೇ ನಗುವ ಪೈಕಿ.

ಅಲ್ಲಿಂದ ನನ್ನ ತಿನ್ನುವ ಕೆಲಸ ಶುರುವಾಯಿತು. ಒಬ್ಬಳೇ ಕೂತು ಎರಡನೆಯ ಸಲ ಬಡಿಸಿಕೊಳ್ಳುವುದು ಎಂಥ ನಾಚಿಕೆಯ ಕೆಲಸ ಎಂದು ತುಂಬಿದ ಮನೆಯವರಿಗೆ ಗೊತ್ತಿರುವುದಿಲ್ಲ. ಊಟ ಎನ್ನುವುದು ಅರ್ಧಕ್ಕರ್ಧ ಬಲವಂತ. ಬೇಡ ಬೇಡ ಎಂದು ಕೈ ಅಡ್ಡ ಹಿಡಿಯಬೇಕು, ಇನ್ನೊಬ್ಬರು ಆ ಕೈಯನ್ನು ಸರಿಸಿ ಹಾಕಬೇಕು. ನನಗೆ ಆ ಇನ್ನೊಬ್ಬರು ಇರಲಿಲ್ಲ. ಹಾಗಾಗಿ ನಾನೇ ಗಟ್ಟಿಯಾಗಿ, “ಇನ್ನೊಂಚೂರು ಹಾಕ್ಕೋ ಚೂಡಿ, ಏನೂ ತಿಂದೇ ಇಲ್ಲ ನೀನು” ಎಂದು ಹೇಳಿಕೊಂಡು ಬಡಿಸಿಕೊಳ್ಳುತ್ತಿದ್ದೆ. ಗೋಡೆಯಾಚೆ ಚಿಕ್ಕಬೋರಮ್ಮನಿಗೆ ಕೇಳಿಸಿ, “ಯಾರವ್ವ ಬಂದವ್ರೆ ಮನೆಗೆ?” ಎಂದು ಒಂದು ದಿನ ಕೇಳಿದಳು. ಅಣ್ಣ ಬಂದಿದ್ದ, ಈಗ ಹೋದ ಎಂದು ಸುಳ್ಳು ಹೇಳಿದೆ.

ಶಾಲೆಯಲ್ಲಿ ಇನ್ನೊಂದು ತಮಾಷೆ. ಪುಟ್ಟರಾಜು ಮೂರು ಮುದ್ದೆಯಿಂದ ಒಂದಕ್ಕೆ ಇಳಿದಿದ್ದರು. ಅವರ ಅವ್ವ ಮಾತ್ರ ಮೊದಲಿನಷ್ಟೇ ಕಟ್ಟಿ ಕಳಿಸುತ್ತಿದ್ದಳು. ಅವರು ಡಬ್ಬಿ ನನ್ನ ಮೇಜಿನ ಮೇಲೆ ಇಟ್ಟು, “ತಿನ್ನಿ ಮೇಡಂ, ಬರೀ ಅವರೆಕಾಳ್ ಸಾರು, ಬ್ಯಾರೆ ಏನೂ ಇಲ್ಲ. ನಂಗೆ ಬ್ಯಾಡದ್ದು ನಿಮ್ಗೆ ಬೇಕಾಗದೆ” ಎನ್ನುತ್ತಿದ್ದರು. ನಮ್ಮಪ್ಪ ಇದ್ದಷ್ಟು ಕಾಲ ದೇವಸ್ಥಾನದ ಅರ್ಚಕರು. ಇದನ್ನು ನೋಡಿದ್ದರೆ ಮೂರು ಸಲ ಸ್ನಾನ ಮಾಡುತ್ತಿದ್ದರು, ಅದೂ ನನಗೆ ಮಾಡಿಸಿ. ನಾನು ತಿಂದೆ. ಎದುರಿಗೆ ಒಬ್ಬರು ಕೂತು ತಿನ್ನಿ ಎನ್ನುತ್ತಿದ್ದರೆ ಮುದ್ದೆ ತಾನಾಗಿ ಗಂಟಲಲ್ಲಿ ಇಳಿಯುತ್ತದೆ. ಅವರು ನೀರು ಕುಡಿದುಕೊಂಡು ನೋಡುತ್ತಿದ್ದರು.

ತಿಂಗಳಿಗೊಮ್ಮೆ ಬಸ್ಸಿನಲ್ಲಿ ಮದ್ದೂರಿಗೆ ಹೋಗಿ ರೈಲ್ವೆ ಸ್ಟೇಷನ್ನಿನ ತೂಕದ ಯಂತ್ರದ ಮೇಲೆ ನಿಲ್ಲುತ್ತಿದ್ದೆ. ನಾಣ್ಯ ಹಾಕಿದರೆ ಬಣ್ಣದ ದೀಪದ ಚಕ್ರ ತಿರುಗಿ ಒಂದು ದಪ್ಪ ಚೀಟಿ ಬೀಳುತ್ತದಲ್ಲ, ಅದು. ಒಂದು ಕಡೆ ತೂಕ, ಇನ್ನೊಂದು ಕಡೆ ಭವಿಷ್ಯ. ‘ನಿಮ್ಮ ಗೆಳೆಯರು ನಿಮ್ಮನ್ನು ಬಿಟ್ಟಿರಲಾರರು’ ಎಂಬ ಅರ್ಥದ ಇಂಗ್ಲಿಷು ಒಂದು ಸಲ ಬಂದಿತ್ತು. ಪ್ಲಾಟ್‌ಫಾರಂನಲ್ಲಿ ಒಬ್ಬಳೇ ನಿಂತು ನಕ್ಕೆ. ಆಗಸ್ಟ್‌ವರೆಗೂ ಚೀಟಿಯ ಅಂಕಿ ಅಲ್ಲಾಡಲಿಲ್ಲ. ಮುದ್ದೆ, ಬಾಳೆಹಣ್ಣು, ತುಪ್ಪ, ಕಡಲೇಬೀಜ ಎಲ್ಲವೂ ಎಲ್ಲಿಗೆ ಹೋಗುತ್ತಿದ್ದವೋ. ಉಗ್ರಾಣದ ಬೇಳೆ ಡಬ್ಬಗಳು ಕಣ್ಣ ಮುಂದೆ ಬರತೊಡಗಿದವು.

ದಸರೆ ಹೊತ್ತಿಗೆ ತೂಕ ಏರತೊಡಗಿತು. ಏರಿದ್ದೇ ಏರಿದ್ದು, ನಲವತ್ತೊಂದು, ನಲವತ್ತಮೂರು. ಕೆನ್ನೆ ತುಂಬಿತು. ಕಾಲು ದುಂಡಗಾಯಿತು. “ಈಗ್ ನೋಡು, ಮೈಕೈ ತುಂಬ್ಕಂಡು ಲಕ್ಸಣ್ವಾಗಿ ಕಾಣ್ತಿದೀಯ ಕಣವ್ವ” ಎಂದು ಚಿಕ್ಕಬೋರಮ್ಮ ದೃಷ್ಟಿ ತೆಗೆದಳು. ಅಣ್ಣನೂ ಒಮ್ಮೆ ನೋಡಿ, “ಈಗ ಒಂದು ಗಂಡು ಕೇಳಬಹುದು” ಎಂದ. ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತಿದ್ದುದು ನಿಜ. ಮಲಗಿದರೆ ಉಸಿರು ಕಟ್ಟಿದ ಹಾಗಾಗಿ ಒಂದು ದಿಂಬಿನ ಮೇಲೆ ಇನ್ನೊಂದು, ಅದರ ಮೇಲೆ ಮಡಿಚಿದ ಸೀರೆ ಇಟ್ಟುಕೊಳ್ಳುತ್ತಿದ್ದೆ. ದಪ್ಪಗಿರುವವರಿಗೆ ಹೀಗೆಲ್ಲ ಆಗುತ್ತದೆ ಎಂದುಕೊಂಡೆ. ದಪ್ಪಗಿದ್ದು ನನಗೇನು ಅಭ್ಯಾಸವೇ?

ದೀಪಾವಳಿಗೆ ಅಣ್ಣ ಹೆಂಡತಿ ಮಕ್ಕಳ ಜೊತೆ ಮಾವನ ಮನೆಗೆ ಹೋದ. ನಾನು ಮಳವಳ್ಳಿಯಲ್ಲೇ ಉಳಿದೆ. ಎಣ್ಣೆ ನೀರು ಹಾಕಿಕೊಳ್ಳದೆ ಹಬ್ಬ ಹೇಗೆ? ಬೆಳಿಗ್ಗೆ ನೀರೊಲೆಗೆ ಉರಿ ಹಾಕಿ, ಬಚ್ಚಲಲ್ಲಿ ಮಣೆಯ ಮೇಲೆ ಕೂತು ನನಗೆ ನಾನೇ ಎಣ್ಣೆ ಇಟ್ಟುಕೊಂಡೆ. ಬೆನ್ನಿಗೆ ಕೈ ಎಟಕಲಿಲ್ಲ. ಆಯಿತು, ಬೆನ್ನಿಗೆ ಈ ವರ್ಷ ಹಬ್ಬವಿಲ್ಲ ಎಂದುಕೊಂಡು ಕಾಲು ನೀವಿದೆ. ಹೆಬ್ಬೆರಳು ಒತ್ತಿದ ಕಡೆ ಗುಣಿ ಬಿತ್ತು. ಬೆರಳು ತೆಗೆದರೂ ಗುಣಿ ಹಾಗೇ ಇತ್ತು. ಅದರಲ್ಲಿ ಎಣ್ಣೆ ನಿಂತುಕೊಂಡಿತು, ಪುಟ್ಟ ಹಣತೆಯಲ್ಲಿ ನಿಲ್ಲುವ ಹಾಗೆ.

ಅಮ್ಮನ ಕೊನೆಗಾಲದಲ್ಲಿ ನಾನು ಅವಳ ಕಾಲು ಒತ್ತುವಾಗ ಹೀಗೇ ಗುಣಿ ಬೀಳುತ್ತಿತ್ತು. ಹಾಗಾಗಿ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ನಾನು ತಿಂದದ್ದು ಮೈಗೆ ಹತ್ತಿರಲಿಲ್ಲ. ಏರಿದ್ದೆಲ್ಲ ನೀರು. ಭಯವಾಯಿತು, ತುಂಬ ಭಯವಾಯಿತು. ಆದರೆ ನಿಜ ಹೇಳುತ್ತೇನೆ, ಆ ಭಯದ ಬೆನ್ನಿಗೇ ಬಂದ ಯೋಚನೆ ಬೇರೆ. ಈಗಲೇ ಔಷಧ ತಿಂದು ನೀರು ಇಳಿದುಬಿಟ್ಟರೆ ಡಿಸೆಂಬರಿಗೆ ನಲವತ್ತಾರು ಆಗುವುದು ಹೇಗೆ? ಬಿಸಿನೀರು ಹುಯ್ದುಕೊಂಡು, ಒಲೆ ಹಚ್ಚಿ ಒಬ್ಬಳೇ ಪಾಯಸ ಮಾಡಿ ತಿಂದೆ. ಯಾರಿಗೂ ಹೇಳಲಿಲ್ಲ.

ಡಿಸೆಂಬರಿನಲ್ಲಿ ಇಬ್ಬರೂ ಒಂದೇ ದಿನ ಮಂಡ್ಯಕ್ಕೆ ಹೋದೆವು. ಮಹಡಿ ಹತ್ತುವಷ್ಟರಲ್ಲಿ ನನ್ನ ತುಟಿ ಒಣಗಿ ಎದೆ ಹೊಡೆದುಕೊಳ್ಳುತ್ತಿತ್ತು. “ಕೂತು ಸುಧಾರಿಸಿಕೊಳ್ಳಿ. ಮೈ ಬಂದ ಮೇಲೆ ಮೆಟ್ಟಿಲು ಸ್ವಲ್ಪ ಕಷ್ಟವೇ” ಎಂದು ಡಾಕ್ಟರು ತಮಾಷೆ ಮಾಡಿದರು. ತಕ್ಕಡಿ ಹತ್ತಿದೆ. ನಲವತ್ತಾರು ದಾಟಿತ್ತು. ಡಾಕ್ಟರು ಖುಷಿಯಿಂದ ಪೆನ್ನು ತೆಗೆದರು. ಈಗ ಹೇಳಿಬಿಡಬೇಕು ಎಂದು ನಾನು ಬಾಯಿ ತೆರೆದೆ. ಉಗ್ರಾಣ ನೆನಪಾಯಿತು, ಮುಚ್ಚಿದೆ. ಪುಟ್ಟರಾಜು ಕೂಡ ಚಾರ್ಟಿನೊಳಗೆ ಬಂದಿದ್ದರು. ಅವರ ಅಂಗಿ ಬೇರೆ ಯಾರದೋ ಅಂಗಿಯ ಹಾಗೆ ಜೋಲುತ್ತಿತ್ತು. “ನೋಡಿ, ಮನಸ್ಸು ಮಾಡಿದರೆ ಎಷ್ಟು ಸುಲಭ” ಎಂದು ಡಾಕ್ಟರು ಇಬ್ಬರ ಕೈಗೂ ಆರೋಗ್ಯವಂತರು ಎಂದು ಬರೆದುಕೊಟ್ಟರು.

ಆ ಇಬ್ಬರು ಆರೋಗ್ಯವಂತರು ಬಸ್ ಸ್ಟ್ಯಾಂಡಿನವರೆಗೆ ನಡೆಯಲು ಮೂರು ಕಡೆ ನಿಂತರು. ನಾನು ಉಸಿರಿಗೆ ನಿಂತೆ, ಅವರು ತಲೆ ಸುತ್ತಿ ಲೈಟು ಕಂಬ ಹಿಡಿದರು. ಕಲ್ಲು ಬೆಂಚಿನ ಮೇಲೆ ಕೂತ ಮೇಲೆ ನನ್ನ ಚೀಲವನ್ನು ಮೇಲಕ್ಕೆತ್ತಿ ಇಡಲು ಹೋದವರು ಅರ್ಧಕ್ಕೇ ಬಿಟ್ಟರು. ಅದರಲ್ಲಿ ಇದ್ದದ್ದು ಒಂದು ಕೊಡೆ, ಎರಡು ಕಿತ್ತಳೆಹಣ್ಣು.

“ಎದ್ರೆ ಕಣ್ಣು ಕತ್ಲೆ ಬತ್ತದೆ ಮೇಡಂ,” ಎಂದರು ಪುಟ್ಟರಾಜು, ನಾಚಿಕೊಂಡು. “ಮೊನ್ನೆ ಗರಡಿಗೆ ಓದ್ರೆ ಒಂದ್ ಗದೆ ಎತ್ತಕ್ ಆಗ್ನಿಲ್ಲ. ಓಗ್ಲಿ ಬುಡಿ, ಪೇಪರ್ ಸಿಕ್ತಲ್ಲ. ಇವತ್ ಸಂಜಿಂದ ಅವ್ವ ಇಕ್ಕಿದ್ದೆಲ್ಲ ತಿಂತೀನಿ, ಒಂದ್ ತಿಂಗ್ಳಲ್ಲಿ ಸರೋಯ್ತೀನಿ. ನೀವೇ ವಾಸಿ, ತಿಂದಿದ್ದು ಮೈಗತ್ತದೆ.”

ಅವರ ಸುಳ್ಳು ಮೂರು ಮುದ್ದೆಯಲ್ಲಿ ಸರಿಹೋಗುವಂಥದ್ದು. ನನ್ನದು ಹಾಗಲ್ಲ ಎನ್ನುವುದು ಆಗ ನನಗೆ ಪೂರ್ತಿ ತಿಳಿಯಿತು. ಕಾಯಂ ಆದ ಕೆಲಸಕ್ಕೆ ಹೋಗಲು ನಾನು ಇರಬೇಕಲ್ಲ. ಎದುರಿಗೆ ಮಳವಳ್ಳಿ ಬಸ್ಸು ಬಂದು ನಿಂತಿತು. ನಾನು ಚಪ್ಪಲಿ ಬಿಟ್ಟು ಕಾಲು ಮುಂದೆ ಚಾಚಿ, “ಒತ್ತಿ ನೋಡಿ” ಎಂದೆ.

ಪುಟ್ಟರಾಜು ಸುತ್ತ ನೋಡಿದರು. ಹಗಲು ಹೊತ್ತು, ಮಂಡ್ಯದ ಬಸ್ ಸ್ಟ್ಯಾಂಡು, ಅಯ್ಯಂಗಾರರ ಮನೆಯ ಹೆಣ್ಣು, ಗೌಡರ ಹುಡುಗ. ನಾಲ್ಕು ಜನ ಆಗಲೇ ತಿರುಗಿದ್ದರು. ಅವರು ಕುಕ್ಕರಗಾಲಲ್ಲಿ ಕೂತು ನನ್ನ ಪಾದದ ಮೇಲೆ ಹೆಬ್ಬೆರಳು ಇಟ್ಟು ಒತ್ತಿ ತೆಗೆದರು. ಗುಣಿ ಬಿತ್ತು. ಇಬ್ಬರೂ ಅದನ್ನೇ ನೋಡುತ್ತ ಇದ್ದೆವು. ಅದು ತುಂಬಿಕೊಳ್ಳುವ ಮೊದಲೇ ಬಸ್ಸು ಹೊರಟುಹೋಯಿತು.

“ಯಾವತ್ತಿಂದ?”

“ದೀಪಾವಳಿಯಿಂದ ಗೊತ್ತು.”

“ಯಾರ್ಗೂ ಯೋಳ್ನಿಲ್ವಾ?”

“ಯಾರಿಗೆ ಹೇಳಲಿ?”

ಅವರು ಚಪ್ಪಲಿಯನ್ನು ಕೈಯಿಂದಲೇ ನನ್ನ ಕಾಲ ಹತ್ತಿರ ಸರಿಸಿ, “ನಡೀರಿ, ದೊಡ್ಡಾಸ್ಪತ್ರೆಗೆ ಓಗವ” ಎಂದು ಜಟಕಾ ಕರೆದರು.

ಚಿಕ್ಕಂದಿನ ಆ ಕೀಲುನೋವಿನ ಜ್ವರ ಹೃದಯವನ್ನು ಆಗಲೇ ಕೆಡಿಸಿಟ್ಟು ಹೋಗಿತ್ತಂತೆ. ಆಸ್ಪತ್ರೆಯಲ್ಲಿ ಮಾತ್ರೆ ಶುರುವಾದ ಮೇಲೆ ನೀರು ಇಳಿಯಿತು, ನನ್ನ ತೂಕ ಮೂವತ್ತಾರಕ್ಕೆ ಬಂತು. ಸರ್ಟಿಫಿಕೇಟನ್ನು ಪುಟ್ಟರಾಜು ಶಾಲೆಗೆ ಮುಟ್ಟಿಸಿದ್ದರಿಂದ ಕೆಲಸವೂ ಉಳಿಯಿತು. ಚಾರ್ಟು ಒಂದೇ ಸಲ ಕೇಳುವುದು, ಮತ್ತೆ ವಿಚಾರಿಸುವುದಿಲ್ಲ. ಅಣ್ಣ ಒಂದು ದಿನ ಬಂದು, “ಮತ್ತೆ ಇಳಿದುಹೋದೆಯಲ್ಲೇ” ಎಂದು ಬೇಜಾರುಪಟ್ಟುಕೊಂಡ. ಪುಟ್ಟರಾಜು ಎರಡು ಸಲ ಬಂದರು, ಬಾಗಿಲಲ್ಲೇ ನಿಂತು ಹಣ್ಣು ಕೊಟ್ಟು ಹೋದರು. ಬಸ್ ಸ್ಟ್ಯಾಂಡಿನ ಮಾತು ಅಷ್ಟರಲ್ಲಿ ಮಳವಳ್ಳಿ ತಲುಪಿತ್ತು.

ಆಸ್ಪತ್ರೆಯ ಡಾಕ್ಟರು ದಿನಾ ಬೆಳಿಗ್ಗೆ ಬಂದು ನನ್ನ ಕಾಲು ಒತ್ತಿ ನೋಡುತ್ತಿದ್ದರು. ಒಂದು ಬೆಳಿಗ್ಗೆ ಗುಣಿ ಬೀಳಲಿಲ್ಲ. “ಊತ ವಾಸಿಯಾಯಿತಮ್ಮ, ಇನ್ನು ಒತ್ತಿ ನೋಡಬೇಕಾಗಿಲ್ಲ” ಎಂದರು. ಅವರು ಮುಂದಿನ ಮಂಚಕ್ಕೆ ಹೋದ ಮೇಲೆ ನಾನು ಗೋಡೆಯ ಕಡೆ ತಿರುಗಿ ಮಲಗಿ ಅತ್ತೆ. ನಾಳೆಯಿಂದ ನನ್ನನ್ನು ಯಾರೂ ಮುಟ್ಟುವುದಿಲ್ಲ.